ಓದಿದ ವಾಕ್ಯ ಸಂಜೆಯವರೆಗೆ ಉಳಿಯಬೇಕಾದರೆ: ಸತ್ಯವೇದ ಓದುವ ಕ್ರಮಗಳ ಹೋಲಿಕೆ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಮನೆಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಎರಡು ಕಾಗದಗಳಿರುತ್ತವೆ. ಒಂದು ಹೊಸ ವರ್ಷಕ್ಕೆಂದು ಒಂದು ವಚನ ಬರೆದ ವಾಗ್ದಾನದ ಕಾರ್ಡು, ಇನ್ನೊಂದು ವರ್ಷವಿಡೀ ಸತ್ಯವೇದ, ಅಂದರೆ ಬೈಬಲ್, ಓದುವ ಪಟ್ಟಿ. ಕಾರ್ಡು ಸತ್ಯವೇದದ ಹಾಳೆಗಳ ನಡುವೆ ಸೇರಿಕೊಳ್ಳುತ್ತದೆ. ಪಟ್ಟಿಯಲ್ಲಿ ಗುರುತು ಹಾಕುವುದು ಫೆಬ್ರವರಿ ಹೊತ್ತಿಗೆ ನಿಂತಿರುತ್ತದೆ. ಇದಕ್ಕೆ ಭಕ್ತಿ ಸಾಲದು ಎಂದು ತಮ್ಮನ್ನೇ ಹಳಿದುಕೊಳ್ಳುವವರು ಬಹಳ. ಅದು ಬೇಡ. ಹೆಚ್ಚಿನ ಸಲ ಆರಿಸಿಕೊಂಡ ಕ್ರಮ ಆ ಮನೆಯ ದಿನಚರಿಗೆ ಹೊಂದುವುದಿಲ್ಲ, ಅಷ್ಟೇ.

ಆದ್ದರಿಂದ ಯಾವ ಕ್ರಮ ಒಳ್ಳೆಯದು ಎಂದು ಕೇಳುವ ಮೊದಲು, ವಾಕ್ಯಕ್ಕೂ ನಿಮ್ಮ ದಿನಕ್ಕೂ ನಡುವಿನ ಕೊಂಡಿ ಎಲ್ಲಿ ಕಳಚುತ್ತಿದೆ ಎಂದು ನೋಡಿಕೊಳ್ಳಿ. ಕೆಲವರಿಗೆ ಓದೇ ಆಗುತ್ತಿಲ್ಲ. ಕೆಲವರು ಓದುತ್ತಾರೆ, ಅರ್ಥ ಕೈಗೆ ಸಿಗುವುದಿಲ್ಲ. ಕೆಲವರಿಗೆ ಅರ್ಥವಾಗುತ್ತದೆ, ಆದರೆ ಮನಸ್ಸಿಗೆ ತಾಗುವುದಿಲ್ಲ. ಇನ್ನು ಕೆಲವರಿಗೆ ಕಣ್ಣು ತುಂಬುವಷ್ಟು ತಾಗುತ್ತದೆ, ಸಂಜೆಗೆ ನೋಡಿದರೆ ಏನೂ ಬದಲಾಗಿರುವುದಿಲ್ಲ. ಯಾಕೋಬನ ಪತ್ರಿಕೆ 1:23-24 ಹೇಳುವುದು ಈ ಕೊನೆಯವರ ಕುರಿತೇ: ಕನ್ನಡಿಯಲ್ಲಿ ಮುಖ ನೋಡಿ, ಆಚೆ ಹೋದೊಡನೆ ತಾನು ಹೇಗಿದ್ದೆನೆಂದು ಮರೆತವನು. ಈ ನಾಲ್ಕು ತೊಂದರೆಗೂ ಒಂದೇ ಪಟ್ಟಿ ಮದ್ದಾಗದು.

ಹೋಲಿಸಲು ಸುಲಭವಾಗಲಿ ಎಂದು ಒಂದೇ ಭಾಗವನ್ನು ಮುಂದಿಟ್ಟುಕೊಳ್ಳೋಣ. ಲೂಕ 19:1-10, ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ ಜಕ್ಕಾಯನ ಪ್ರಸಂಗ. ಯೇಸುಸ್ವಾಮಿಯನ್ನು ನೋಡಲು ಅವನು ಮರ ಹತ್ತುತ್ತಾನೆ, ಅವರು ಅವನನ್ನು ಕೆಳಗೆ ಕರೆದು ಅವನ ಮನೆಗೇ ಬರುತ್ತಾರೆ. ದುಡ್ಡು, ಮೋಸ, ಊರವರ ಗೊಣಗಾಟ, ಊಟದ ಮನೆ ಎಲ್ಲವೂ ಅದರಲ್ಲಿವೆ.

ವರ್ಷಕ್ಕೆ ಇಡೀ ಸತ್ಯವೇದ

66 ಪುಸ್ತಕಗಳ ಸತ್ಯವೇದದಲ್ಲಿ 1,189 ಅಧ್ಯಾಯಗಳು. ವಾರದ ದಿನ ಮೂರು, ಭಾನುವಾರ ಐದು ಓದಿದರೆ ವಾರಕ್ಕೆ 23, 52 ವಾರಕ್ಕೆ 1,196. ಲೆಕ್ಕ ಸರಿಹೋಗುತ್ತದೆ. ಮೂರು ಅಧ್ಯಾಯಕ್ಕೆ 15ರಿಂದ 20 ನಿಮಿಷ ಬೇಕು.

ತೊಡಕು ಬರುವುದು ಎಲ್ಲಿ ಎಂದೂ ಲೆಕ್ಕವೇ ಹೇಳುತ್ತದೆ. ಆದಿಕಾಂಡ 50, ವಿಮೋಚನಕಾಂಡ 40, ಒಟ್ಟು 90. ಅಂದರೆ ಜನವರಿ ಕೊನೆಗೆ ಯಾಜಕಕಾಂಡಕ್ಕೆ ಕಾಲಿಡುತ್ತೀರಿ. ಅದಕ್ಕೂ ಮುಂಚೆ ವಿಮೋಚನಕಾಂಡದ ಕೊನೆಯ ಹದಿನಾರು ಅಧ್ಯಾಯಗಳಲ್ಲಿ ಹೆಚ್ಚಿನವುಗಳ ತುಂಬ ಆರಾಧನೆಯ ಗುಡಾರದ ಹಲಗೆ, ಕೊಂಡಿ, ಪರದೆಗಳ ಅಳತೆ. ಬಹಳ ಮಂದಿ ಇಲ್ಲೇ ಬಿಡುತ್ತಾರೆ. ಬಿಡುವುದರಿಂದ ಆಗುವ ನಷ್ಟವೂ ದೊಡ್ಡದು, ಯಾಕೆಂದರೆ ಇನ್ನೊಂದು ವಾರ ಮುಂದುವರಿದಿದ್ದರೆ ಯಾಜಕಕಾಂಡ 19 ಸಿಗುತ್ತಿತ್ತು. ಹೊಲದ ಅಂಚಿನ ಪೈರನ್ನು ಬಡವರಿಗೆ ಬಿಡು, ಕೂಲಿಯವನ ಕೂಲಿಯನ್ನು ರಾತ್ರಿಯೆಲ್ಲ ಇಟ್ಟುಕೊಳ್ಳಬೇಡ, ತಕ್ಕಡಿ ಕಲ್ಲು ಸರಿಯಿರಲಿ, ನೆರೆಯವನನ್ನು ನಿನ್ನಂತೆಯೇ ಪ್ರೀತಿಸು. ಅಂಗಡಿ ಇಟ್ಟವರಿಗೂ ಆಳು ಇಟ್ಟವರಿಗೂ ಇಷ್ಟು ನೇರವಾಗಿ ಮಾತಾಡುವ ಅಧ್ಯಾಯ ಸತ್ಯವೇದದಲ್ಲಿ ವಿರಳ.

ಇನ್ನೊಂದು ತೊಡಕು: ಹಳೆಯ ಒಡಂಬಡಿಕೆಗೇ 929 ಅಧ್ಯಾಯ ಬೇಕು. ಮೊದಲಿನಿಂದ ಸಾಲಾಗಿ ಓದಿದರೆ ಮತ್ತಾಯ ಕೈಗೆ ಬರುವುದು ಅಕ್ಟೋಬರ್ ಎರಡನೆಯ ವಾರದಲ್ಲಿ, ಜಕ್ಕಾಯ ಸಿಗುವುದು ಅಕ್ಟೋಬರ್ ಮುಗಿಯುವ ಹೊತ್ತಿಗೆ. ಒಂಬತ್ತು ತಿಂಗಳು ಯೇಸುಸ್ವಾಮಿಯ ಮಾತಿಲ್ಲದೆ ಕ್ರೈಸ್ತ ಬದುಕನ್ನು ಕಟ್ಟಿಕೊಳ್ಳುವುದು ಕಷ್ಟ. ಸ್ಕಾಟ್ಲೆಂಡಿನ ಡಂಡೀಯಲ್ಲಿ ಸಭಾಪಾಲಕರಾಗಿದ್ದ ರಾಬರ್ಟ್ ಮರೆ ಮಕ್‌ಚೇನ್ 1842ರಲ್ಲಿ ತಮ್ಮ ಸಭೆಗೆ ಮಾಡಿಕೊಟ್ಟ ಪಟ್ಟಿ ಇದಕ್ಕೆ ಉತ್ತರ ಕೊಡುತ್ತದೆ. ಜನವರಿ 1ಕ್ಕೆ ಆದಿಕಾಂಡ 1, ಮತ್ತಾಯ 1, ಎಜ್ರ 1, ಅಪೊಸ್ತಲರ ಕೃತ್ಯಗಳು 1 ಒಟ್ಟಿಗೇ ಶುರು. ಎರಡು ಅಧ್ಯಾಯ ಕುಟುಂಬಕ್ಕೆ, ಎರಡು ಒಬ್ಬೊಬ್ಬರಿಗೆ. ವರ್ಷದಲ್ಲಿ ಹೊಸ ಒಡಂಬಡಿಕೆಯೂ ಕೀರ್ತನೆಗಳೂ ಎರಡು ಸಲ ಮುಗಿಯುತ್ತವೆ.

ಆದರೂ ನಿಜ ಹೇಳಬೇಕು: ದಿನಕ್ಕೆ ನಾಲ್ಕು ಅಧ್ಯಾಯ ಓದುವವರಿಗೆ ಊರಿನ ನಕಾಶೆ ಸಿಗುತ್ತದೆಯೇ ಹೊರತು ಬೀದಿಯಲ್ಲಿ ನಿಲ್ಲಲು ಹೊತ್ತು ಸಿಗುವುದಿಲ್ಲ. ಜಕ್ಕಾಯನ ಪ್ರಸಂಗ ಒಂದೂವರೆ ನಿಮಿಷದಲ್ಲಿ ದಾಟಿಹೋಗುತ್ತದೆ. ಒಮ್ಮೆಯಾದರೂ ಪೂರ್ತಿ ಓದದವರು ಈ ಕ್ರಮ ಹಿಡಿಯಲಿ. ಆಚರಣೆಗೆ ಇಳಿಸುವುದು ಈಗಿನ ಕೊರತೆಯಾಗಿದ್ದರೆ ಇದು ನಿಮ್ಮ ಕ್ರಮವಲ್ಲ. ಹಿಡಿದವರು ತಪ್ಪಿದ ದಿನದ ಓದನ್ನು ಮರುದಿನಕ್ಕೆ ಸೇರಿಸಬಾರದು. ದಿನಕ್ಕೆ ಮೂರರ ಲೆಕ್ಕದಲ್ಲೇ ಮೂರು ದಿನ ತಪ್ಪಿದರೆ ನಾಲ್ಕನೆಯ ದಿನಕ್ಕೆ ಹನ್ನೆರಡು ಅಧ್ಯಾಯ ಬೀಳುತ್ತವೆ, ಐದನೆಯ ದಿನ ಪುಸ್ತಕವೇ ತೆರೆಯುವುದಿಲ್ಲ. ತಿಂಗಳಿಗೆ 25 ದಿನವೆಂದು ಮೊದಲೇ ಎಣಿಸಿ, ದಿನಕ್ಕೆ ನಾಲ್ಕರಂತೆ 300 ದಿನಕ್ಕೆ ಹಂಚಿಕೊಂಡರೆ ಜ್ವರಕ್ಕೂ ಮದುವೆ ಮನೆಗೂ ಜಾಗ ಉಳಿಯುತ್ತದೆ.

ದಿನಕ್ಕೊಂದೇ ಅಧ್ಯಾಯ

ಹೊಸ ಒಡಂಬಡಿಕೆಯ ಅಧ್ಯಾಯಗಳು 260. ಸೋಮವಾರದಿಂದ ಶುಕ್ರವಾರಕ್ಕೆ ಒಂದೊಂದರಂತೆ 52 ವಾರಕ್ಕೆ ಚಾಚೂ ತಪ್ಪದೆ ಮುಗಿಯುತ್ತದೆ. ಶನಿವಾರ ಬಿಟ್ಟದ್ದನ್ನು ಓದಲು. ಜಕ್ಕಾಯ ಬರುವುದು 63ನೆಯ ದಿನ, 13ನೆಯ ವಾರದ ಬುಧವಾರ. ಆ ದಿನ ಅವನೊಬ್ಬನ ಜೊತೆಗಾದರೂ ಸ್ವಲ್ಪ ಹೊತ್ತು ಇರಬಹುದು. ಓದೇ ಆಗುತ್ತಿಲ್ಲ ಎನ್ನುವವರಿಗೆ ಇದಕ್ಕಿಂತ ಸುಲಭವಾದ ಆರಂಭ ಇಲ್ಲ.

ದುಡ್ಡು, ಮಾತು, ಕೋಪ, ನೆರೆಹೊರೆ ಇವುಗಳಲ್ಲೇ ಕೊಂಡಿ ಕಳಚುತ್ತಿದ್ದರೆ ಗಾದೆಗಳ ಪುಸ್ತಕವಾದ ಜ್ಞಾನೋಕ್ತಿಗಳನ್ನು ಹಿಡಿಯಿರಿ. 31 ಅಧ್ಯಾಯ, ತಾರೀಖು ನೋಡಿ ಓದುವುದು: 6ನೆಯ ತಾರೀಖಿಗೆ 6ನೆಯ ಅಧ್ಯಾಯ. ಒಂದು ದಿನ ತಪ್ಪಿದರೆ ಲೆಕ್ಕ ಕೆಡುವುದಿಲ್ಲ, ಕ್ಯಾಲೆಂಡರೇ ಪಟ್ಟಿ. ಈ ಕ್ರಮದ ಬಲ ಪುನರಾವರ್ತನೆಯಲ್ಲಿದೆ. ಉದಾಹರಣೆಗೆ ಸಾಲಕ್ಕೆ ಜಾಮೀನು ನಿಲ್ಲುವ ವಿಚಾರ. ಅದು ತಿಂಗಳಲ್ಲಿ ಆರು ದಿನ ಎದುರಾಗುತ್ತದೆ: 6:1, 11:15, 17:18, 20:16, 22:26, 27:13. ಬಂಧು ಒಬ್ಬರು ಬ್ಯಾಂಕಿನ ಫಾರಂ ಹಿಡಿದು ಮನೆಗೆ ಬಂದಾಗ ಮುಖ ನೋಡಿ ಸಹಿ ಹಾಕುವ ನಮ್ಮ ಅಭ್ಯಾಸಕ್ಕೆ ಇವು ನೇರವಾಗಿ ತಾಗುತ್ತವೆ. 22:27 ಕೇಳುವ ಪ್ರಶ್ನೆ ಎಷ್ಟು ಹತ್ತಿರದ್ದು ನೋಡಿ: ತೀರಿಸಲು ನಿನ್ನಲ್ಲಿ ಏನೂ ಇಲ್ಲದಿದ್ದರೆ ನೀನು ಮಲಗಿದ ಹಾಸಿಗೆಯನ್ನೇ ಎಳೆದುಕೊಂಡು ಹೋದಾರಲ್ಲ? ನಮ್ಮ ಕಾನೂನೂ ಹಾಗೆಯೇ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 128ನೆಯ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಆದ್ದರಿಂದ ಈ ವಾಕ್ಯಗಳನ್ನು ಆಚರಣೆಗೆ ತರುವುದೆಂದರೆ ಸಹಿಗೆ ಮೊದಲು ಒಂದೇ ಲೆಕ್ಕ ಹಾಕುವುದು: ಈ ಪೂರ್ತಿ ಮೊತ್ತವನ್ನು ನಾನೇ ಕಟ್ಟಬೇಕಾಗಿ ಬಂದರೆ ಕಟ್ಟಬಲ್ಲೆನೇ? ಆಗದು ಎಂದಾದರೆ, ಕೈಲಾದಷ್ಟು ಹಣವನ್ನು ಹಾಗೆಯೇ ಕೊಟ್ಟು ಸಹಿಯನ್ನು ನಿರಾಕರಿಸುವುದು ಸಂಬಂಧಕ್ಕೂ ಒಳ್ಳೆಯದು. ಈಗಾಗಲೇ ಸಹಿ ಹಾಕಿದ್ದರೆ 6:3-5 ಏನು ಮಾಡಬೇಕೆಂದು ಹೇಳುತ್ತದೆ: ನಿದ್ದೆಗೂ ಎಡೆಗೊಡದೆ ಹೋಗಿ ಬೇಡಿಕೊ, ಬಿಡಿಸಿಕೊ. ಬಿಂಕ ಬಿಡಬೇಕಾಗುತ್ತದೆ, ಆದರೆ ತಡ ಮಾಡಿದಷ್ಟೂ ಬಡ್ಡಿ ಬೆಳೆಯುತ್ತದೆ.

ಜ್ಞಾನೋಕ್ತಿಯಲ್ಲಿ ಆಗುವ ದೊಡ್ಡ ತಪ್ಪೆಂದರೆ ಪ್ರತಿ ಸಾಲನ್ನೂ ವಾಗ್ದಾನವೆಂದು ಓದುವುದು. 22:6ರಂತೆ ಮಗುವನ್ನು ಸರಿಯಾದ ದಾರಿಯಲ್ಲಿ ಬೆಳೆಸಿದರೂ ಮಗ ದಾರಿ ತಪ್ಪಿದರೆ, ತಾಯಿ ತಂದೆ ಎಲ್ಲೋ ಪಾಪ ಮಾಡಿದ್ದಾರೆ ಎಂದು ಅರ್ಥವಲ್ಲ. ಗಾದೆ ಸಾಮಾನ್ಯವಾಗಿ ನಡೆಯುವುದನ್ನು ಹೇಳುತ್ತದೆ, ಕರಾರು ಪತ್ರ ಬರೆದುಕೊಡುವುದಿಲ್ಲ. 26ನೆಯ ತಾರೀಖು ಇದು ಸ್ಪಷ್ಟವಾಗುತ್ತದೆ. 26:4 ಮೂಢನಿಗೆ ಉತ್ತರ ಕೊಡಬೇಡ ಎನ್ನುತ್ತದೆ, 26:5 ಕೊಡು ಎನ್ನುತ್ತದೆ. ಎರಡನ್ನೂ ಬೇಕೆಂದೇ ಪಕ್ಕಪಕ್ಕ ಇಟ್ಟಿದ್ದಾರೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೆಣಕಿದಾಗ, ಉತ್ತರಿಸಿದರೆ ನಾನೂ ಅವನ ಮಟ್ಟಕ್ಕೆ ಇಳಿಯುತ್ತೇನೆಯೇ, ಸುಮ್ಮನಿದ್ದರೆ ಸುಳ್ಳೇ ನಿಜವೆಂದು ಉಳಿಯುತ್ತದೆಯೇ ಎಂದು ತೂಗಬೇಕು. ಯಾವ ವಾಕ್ಯ ಆ ದಿನದ್ದು ಎಂದು ತಿಳಿಯುವುದೇ ಅಲ್ಲಿ ಜ್ಞಾನ.

ಸಭೆಯ ಪಂಚಾಂಗದಂತೆ

ಕಥೋಲಿಕರಿಗೆ ಪ್ರತಿದಿನದ ಬಲಿಪೂಜೆಯ ವಾಚನಗಳಿವೆ. 1969ರಲ್ಲಿ ಬಂದ ವ್ಯವಸ್ಥೆ ಇದು. ಭಾನುವಾರಗಳಿಗೆ ಎ, ಬಿ, ಸಿ ಎಂಬ ಮೂರು ವರ್ಷದ ಚಕ್ರ: ಎ ವರ್ಷ ಮತ್ತಾಯ, ಬಿ ಮಾರ್ಕ, ಸಿ ಲೂಕ, ಪಾಸ್ಕ (ಈಸ್ಟರ್) ಕಾಲದಲ್ಲಿ ಹೆಚ್ಚಾಗಿ ಯೋಹಾನ. ಇಸವಿ 3ರಿಂದ ಭಾಗವಾದರೆ ಅದು ಸಿ ವರ್ಷ, ಚಕ್ರ ಬದಲಾಗುವುದು ಜನವರಿಗಲ್ಲ, ಕ್ರಿಸ್‌ಮಸ್‌ಗೆ ಮುಂಚೆ ಬರುವ ಆಗಮನ ಕಾಲದ ಮೊದಲ ಭಾನುವಾರಕ್ಕೆ. ವಾರದ ದಿನಗಳ ಮೊದಲ ವಾಚನಕ್ಕೆ ಎರಡು ವರ್ಷದ ಚಕ್ರ.

ಇದರ ಲಾಭ ಎಂದರೆ ಆಯ್ಕೆ ನಮ್ಮದಲ್ಲ. ಇಷ್ಟವಾದ ಭಾಗವನ್ನೇ ಮತ್ತೆ ಮತ್ತೆ ಓದುವ ಚಪಲಕ್ಕೆ ಇದು ಕಡಿವಾಣ. ಅಲ್ಲದೆ ವಾಚನಗಳು ಒಂದಕ್ಕೊಂದು ಬೆಳಕು ಹಿಡಿಯುತ್ತವೆ. ಸಿ ವರ್ಷದ ಸಾಮಾನ್ಯ ಕಾಲದ 31ನೆಯ ಭಾನುವಾರ ಜಕ್ಕಾಯನ ಜೊತೆಗೆ ಸೊಲೊಮೋನನ ಜ್ಞಾನಗ್ರಂಥದಿಂದ 11:22-12:2 ಓದುತ್ತಾರೆ. ದೇವರು ಸರ್ವಶಕ್ತರಾದ್ದರಿಂದಲೇ ಎಲ್ಲರಿಗೂ ಕರುಣೆ ತೋರುತ್ತಾರೆ ಎಂಬ ಮಾತು ಅಲ್ಲಿದೆ. ಅಧಿಕಾರ ಇರುವವರು ಸೌಮ್ಯವಾಗಿರಬಲ್ಲರು ಎಂಬುದನ್ನು ಆಫೀಸಿನ ಮೇಲಧಿಕಾರಿಗೂ ಅನ್ವಯಿಸಬಹುದು. ಆ ಗ್ರಂಥ ಕಥೋಲಿಕರ 73 ಪುಸ್ತಕಗಳ ಬೈಬಲಿನಲ್ಲಿದೆ, 66 ಪುಸ್ತಕಗಳ ಸತ್ಯವೇದದಲ್ಲಿ ಇಲ್ಲ. ಕೊರತೆ ಏನೆಂದರೆ, ತುಣುಕು ತುಣುಕಾಗಿ ಬರುವ ವಾಚನದ ಹಿಂದೆ ಮುಂದೆ ಏನಿದೆ ಎಂದು ನೀವೇ ತೆರೆದು ನೋಡಬೇಕು.

ನಿಧಾನವಾಗಿ ಮೆಲುಕು ಹಾಕುವುದು

ಅರ್ಥವಾಗುತ್ತದೆ, ತಾಗುವುದಿಲ್ಲ ಎನ್ನುವವರಿಗೆ ಮಠಗಳ ಹಳೆಯ ಪದ್ಧತಿ ಇದೆ, ಲೆಕ್ಟಿಯೋ ದಿವೀನಾ, ಅಂದರೆ ದೈವಿಕ ವಾಚನ. 12ನೆಯ ಶತಮಾನದಲ್ಲಿ ಫ್ರಾನ್ಸಿನ ಕಾರ್ತೂಸಿಯನ್ ಸನ್ಯಾಸಿ ಎರಡನೆಯ ಗೀಗೊ ಇದನ್ನು ನಾಲ್ಕು ಮೆಟ್ಟಿಲ ಏಣಿಯಾಗಿ ವಿವರಿಸಿದರು: ಓದು, ಮನನ, ಪ್ರಾರ್ಥನೆ, ಧ್ಯಾನ. ಹತ್ತು ವಾಕ್ಯಕ್ಕಿಂತ ಹೆಚ್ಚು ಬೇಡ, 20 ನಿಮಿಷ ಬೇಕು. ಬಾಯಿಬಿಟ್ಟು ನಿಧಾನವಾಗಿ ಓದಿ. ಎರಡನೆಯ ಸಲ ಓದುವಾಗ ಎಲ್ಲಿ ಮನಸ್ಸು ತಡೆಯುತ್ತದೋ ಅಲ್ಲೇ ನಿಲ್ಲಿ. ಜಕ್ಕಾಯನಲ್ಲಿ ಅದು "ಈ ಹೊತ್ತು ನಿನ್ನ ಮನೆಯಲ್ಲಿ" ಎಂಬಲ್ಲಿ ಇರಬಹುದು. ನನ್ನ ಮನೆಯ ಯಾವ ಕೋಣೆಗೆ, ಯಾವ ಲೆಕ್ಕದ ಪುಸ್ತಕಕ್ಕೆ ಅವರು ಬರುವುದು ನನಗೆ ಇಷ್ಟವಿಲ್ಲ? ಅದನ್ನೇ ಪ್ರಾರ್ಥನೆ ಮಾಡಿ, ಆಮೇಲೆ ಮಾತು ಬಿಟ್ಟು ಕುಳಿತುಕೊಳ್ಳಿ.

ಈ ದಾರಿಯಲ್ಲಿ ಕೆಡುವುದು ಎರಡು ಕಡೆ. ಬಿಗಿಯಾದ ವಾದವಿರುವ ಭಾಗಕ್ಕೆ, ಉದಾಹರಣೆಗೆ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಗೆ, ಇದು ಒಗ್ಗುವುದಿಲ್ಲ. ಕೀರ್ತನೆಗಳು ಮತ್ತು ಸುವಾರ್ತೆಯ ಪ್ರಸಂಗಗಳು ಒಗ್ಗುತ್ತವೆ. ಮತ್ತು ಮನಸ್ಸಿಗೆ ಬಂದದ್ದೆಲ್ಲ ದೇವರು ಹೇಳಿದ್ದು ಎಂದು ತಿಳಿಯುವ ಅಪಾಯ ಇದೆ. ಆ ಭಾಗವೇ ಹೇಳದ ಮಾತು ನಿಮಗೆ ಕೇಳಿಸಿದರೆ, ಕೆಲಸ ಬಿಡುವುದು, ಮದುವೆ ಒಪ್ಪುವುದು, ಜಮೀನು ಮಾರುವುದು ಇಂಥದ್ದಾಗಿದ್ದರೆ, ಹಿರಿಯರೊಬ್ಬರ ಮುಂದೆ ಇಡದೆ ಹೆಜ್ಜೆ ಇಡಬೇಡಿ. ಐದೇ ನಿಮಿಷ ಇರುವವರು 119ನೆಯ ಕೀರ್ತನೆಯ 176 ವಚನಗಳನ್ನು ಎಂಟೆಂಟರಂತೆ 22 ದಿನಕ್ಕೆ ಹಂಚಿಕೊಳ್ಳಬಹುದು. ಮೂಲದಲ್ಲೇ ಅದು ಹಾಗೆ ಕಟ್ಟಿದ ಪದ್ಯ.

ಕೆದಕಿ ಓದಿ ಬರೆಯುವುದು

ಅರ್ಥ ಸಿಗದವರಿಗೂ ಆಚರಣೆಗೆ ಇಳಿಯದವರಿಗೂ ನಮ್ಮ ಮೊದಲ ಸಲಹೆ ಇದೇ. ಒಂದು ನೋಟ್‌ಪುಸ್ತಕ, ವಾರಕ್ಕೆ ಮೂರು ದಿನ, ದಿನಕ್ಕೆ ಅರ್ಧ ಗಂಟೆ. ಮೊದಲು ಕಂಡದ್ದನ್ನು, ಆಮೇಲೆ ಅರ್ಥವನ್ನು, ಕೊನೆಗೆ ಮಾಡಬೇಕಾದ್ದನ್ನು ಬರೆಯುವುದು. ಕ್ರಮ ಬದಲಾದರೆ ಕೆಡುತ್ತದೆ. ಅವಸರದವರು ಎರಡನೆಯದನ್ನು ಹಾರಿಸಿ ಮೂರನೆಯದಕ್ಕೆ ಬೀಳುತ್ತಾರೆ.

ಜಕ್ಕಾಯನಲ್ಲಿ ಕಾಣುವುದೇನು? ಅವನು ಒಳ್ಳೆಯವನಾದ ಮೇಲೆ ಯೇಸುಸ್ವಾಮಿ ಮನೆಗೆ ಬರಲಿಲ್ಲ. 5ನೆಯ ವಚನದಲ್ಲಿ ಕರೆ, 8ನೆಯದರಲ್ಲಿ ಅವನ ಮಾತು. ಇಷ್ಟು ಕೊಡು ಎಂದು ಯಾರೂ ಹೇಳಿರಲಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸು. ಈ ನಾಲ್ಕು ಎಲ್ಲಿಂದ ಬಂತು? ಅರಣ್ಯಕಾಂಡ 5:7ರಲ್ಲಿ ತಪ್ಪೊಪ್ಪಿಕೊಂಡವನು ಅಸಲಿನ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಡಬೇಕು. ಅಂದರೆ 10,000 ರೂಪಾಯಿಗೆ 12,000. ವಿಮೋಚನಕಾಂಡ 22:1ರಲ್ಲಿ ಕುರಿ ಕದ್ದು ಕಡಿದವನೋ ಮಾರಿದವನೋ ನಾಲ್ಕು ಕುರಿ ಕೊಡಬೇಕು. ಜಕ್ಕಾಯ ತನ್ನನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸಿಕೊಂಡ. ಹೀಗೆ ನೋಡಿದ ಮೇಲೆ, ಎಲ್ಲರೂ ನಾಲ್ಕರಷ್ಟು ಕೊಡಬೇಕೆಂಬ ಆಜ್ಞೆ ಇಲ್ಲಿಲ್ಲ, ಇದು ನಡೆದದ್ದರ ವರ್ಣನೆ ಎಂದು ತಿಳಿಯುತ್ತದೆ. ಆದರೆ ಕ್ಷಮೆ ಕೇಳುವುದರ ಜೊತೆಗೆ ಹಣವೂ ಹಿಂದಿರುಗಬೇಕು ಎಂಬುದು ಉಳಿಯುತ್ತದೆ.

ಈಗ ಬರೆಯುವ ಸಾಲು. "ನಾನು ಇನ್ನು ಪ್ರಾಮಾಣಿಕನಾಗಿರಬೇಕು" ಎಂದು ಬರೆದರೆ ಅದು ಅಲ್ಲೇ ಸಾಯುತ್ತದೆ. ಯಾರಿಗೆ, ಏನು, ಯಾವಾಗ ಎಂಬ ಮೂರೂ ಇರಬೇಕು: "ಮನೆಗೆಲಸದ ಅಕ್ಕನಿಗೆ ಕಳೆದ ತಿಂಗಳು ರಜೆ ಎಂದು ಹಿಡಿದ 400 ರೂಪಾಯಿ, ಮೇಲೆ 80, ಶನಿವಾರ ಬೆಳಿಗ್ಗೆ, ನಾನೇ ಕೈಗೆ ಕೊಟ್ಟು ತಪ್ಪಾಯಿತು ಎನ್ನುವುದು." ಒಂದು ದಿನಕ್ಕೆ ಒಂದೇ ಸಾಲು. ಐದು ಬರೆದವರು ಒಂದನ್ನೂ ಮಾಡುವುದಿಲ್ಲ. ರಾತ್ರಿ ಮಲಗುವ ಮುನ್ನ ಅದೇ ಪುಟ ತೆರೆದು ಆಯಿತು, ಇಲ್ಲ ಎಂದು ಗುರುತು ಹಾಕಿ. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಪರಿಶೋಧನೆ ಗೊತ್ತಿರುವವರು ಅದಕ್ಕೆ ಇದನ್ನು ಜೋಡಿಸಬಹುದು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮೆ, ನಾಳೆಯ ನಿಶ್ಚಯ.

ದಿನಕ್ಕೊಂದು ವಚನ

ಮೊಬೈಲಿಗೆ ಬರುವ ದಿನದ ವಚನಕ್ಕೆ ಹಳೆಯ ಹಿನ್ನೆಲೆಯಿದೆ. ಜರ್ಮನಿಯ ಹೆರ್ನ್‌ಹೂಟಿನ ಮೊರೇವಿಯನ್ ಸಭೆಯವರು 1728ರಲ್ಲಿ ದಿನಕ್ಕೊಂದು ವಾಕ್ಯವನ್ನು ಮನೆಮನೆಗೆ ತಲುಪಿಸಲು ಆರಂಭಿಸಿ, 1731ರಿಂದ ವರ್ಷದ ಪುಸ್ತಕವಾಗಿ ಅಚ್ಚು ಹಾಕಿದರು. ಹಳೆಯ ಒಡಂಬಡಿಕೆಯ ವಾಕ್ಯವನ್ನು ಚೀಟಿ ಎತ್ತಿ ಆರಿಸುತ್ತಾರೆ, ಅದಕ್ಕೆ ಹೊಂದುವ ಹೊಸ ಒಡಂಬಡಿಕೆಯ ವಾಕ್ಯವನ್ನು ಯೋಚಿಸಿ ಜೋಡಿಸುತ್ತಾರೆ. ಕೆಲಸದ ನಡುವೆ ನೆನಪಿಗೆ ಬರಲು ಒಂದು ವಚನ ಒಳ್ಳೆಯದೇ. ಆದರೆ ಒಂದೇ ವಚನದ ಮೇಲೆ ನಿರ್ಧಾರ ಮಾಡುವುದು ಅಪಾಯ. ನಿಮಗೆ ಕೇಡಲ್ಲ, ಹಿತವನ್ನೇ ಯೋಚಿಸಿದ್ದೇನೆ ಎನ್ನುವ ಯೆರೆಮೀಯ 29:11 ಪರೀಕ್ಷೆಯ ದಿನ, ಇಂಟರ್‌ವ್ಯೂ ದಿನ ಎಲ್ಲರ ಸ್ಟೇಟಸ್‌ನಲ್ಲಿ ಇರುತ್ತದೆ. ಅದು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರ. ಹಿಂದಿನ ವಚನ ಎಪ್ಪತ್ತು ವರ್ಷ ಎನ್ನುತ್ತದೆ. 5ರಿಂದ 7 ಮನೆ ಕಟ್ಟಿರಿ, ತೋಟ ಮಾಡಿರಿ, ಆ ಪರಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತವೆ. ಕೊಲ್ಲಿ ದೇಶದಲ್ಲೋ ಬೆಂಗಳೂರಿನ ಬಾಡಿಗೆ ಮನೆಯಲ್ಲೋ ಇರುವವರಿಗೆ ನಿಜವಾದ ಅನ್ವಯ ಅಲ್ಲೇ ಇದೆ. ಬಲಪಡಿಸುವಾತನಲ್ಲಿ ಎಲ್ಲವನ್ನೂ ಮಾಡಬಲ್ಲೆ ಎನ್ನುವ ಫಿಲಿಪ್ಪಿಯವರಿಗೆ 4:13 ಕೂಡ ಗೆಲುವಿನ ಮಾತಲ್ಲ. ಹಸಿದಿರುವುದನ್ನೂ ತೃಪ್ತನಾಗಿರುವುದನ್ನೂ ಕಲಿತವನ ಮಾತು. ವಚನ ಬಂದರೆ ಮೇಲಿನ ಹತ್ತು, ಕೆಳಗಿನ ಐದು ಓದಿ. ಎರಡು ನಿಮಿಷ ಸಾಕು.

ಕಣ್ಣು ಮುಚ್ಚಿ ಪುಸ್ತಕ ತೆರೆದು ಬೆರಳಿಡುವವರು ಸಂತ ಅಗಸ್ಟೀನರನ್ನು ನೆನೆಯುತ್ತಾರೆ. 386ರಲ್ಲಿ ಮಿಲಾನಿನ ತೋಟದಲ್ಲಿ ಅವರು ಹಾಗೆ ತೆರೆದದ್ದು ನಿಜ. ತೆರೆದ ಪುಸ್ತಕ ಅವರು ಆಗಲೇ ಓದುತ್ತಿದ್ದ ಪೌಲನ ಪತ್ರಿಕೆಗಳಾಗಿತ್ತು ಎಂಬುದನ್ನು ಮರೆಯಬಾರದು.

ಯಾವ ಕ್ರಮವಾದರೂ ಇವು ಬೇಡ

ವಾಕ್ಯವನ್ನು ಪಕ್ಕದವರ ಮುಖಕ್ಕೆ ಹಿಡಿಯಬೇಡಿ. ಗಂಡನಿಗೆ ಅಧೀನಳಾಗಿರು ಎನ್ನುವ ಎಫೆಸದವರಿಗೆ 5:22 ಹೆಂಡತಿಗೆ ಓದಿ ಹೇಳುವ ಗಂಡ, ಒಬ್ಬರಿಗೊಬ್ಬರು ಅಧೀನರಾಗಿರಿ ಎನ್ನುವ 5:21ನ್ನೂ ಹೆಂಡತಿಯನ್ನು ಪ್ರೀತಿಸು ಎನ್ನುವ 5:25ನ್ನೂ ತನಗೆ ಓದಿಕೊಳ್ಳಬೇಕು. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ಇನ್ನೊಂದು ಕೆನ್ನೆಯ ವಾಕ್ಯ ಹೇಳಿ ಸಹಿಸಿಕೊಳ್ಳಿ ಎನ್ನುವುದು ಅನ್ಯಾಯ. ಮೊದಲು ಅವರು ಸುರಕ್ಷಿತ ಜಾಗಕ್ಕೆ ಹೋಗಲಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಗುಣವಾಗುವ ವಾಗ್ದಾನ ಓದಿ ಬಿಪಿ, ಶುಗರ್ ಮಾತ್ರೆ ನಿಲ್ಲಿಸಬೇಡಿ. ಪೌಲನ ಜೊತೆಗಿದ್ದ ಲೂಕ ವೈದ್ಯ, ಮತ್ತು ತಿಮೊಥೆಯನ ಹೊಟ್ಟೆನೋವಿಗೆ ಪೌಲ ಹೇಳಿದ್ದು ಸ್ವಲ್ಪ ದ್ರಾಕ್ಷಾರಸ ತೆಗೆದುಕೊ ಎಂದು.

ಜಗಳಗಳಲ್ಲಿ ಮತ್ತಾಯ 18:20, ಅಂದರೆ ಇಬ್ಬರು ಮೂವರು ನನ್ನ ಹೆಸರಿನಲ್ಲಿ ಕೂಡಿದಲ್ಲಿ ನಾನಿದ್ದೇನೆ ಎಂಬುದನ್ನು ಮಾತ್ರ ಹೇಳುವ ಅಭ್ಯಾಸ ನಮ್ಮಲ್ಲಿದೆ. 15ರಿಂದ 17ರವರೆಗೆ ಅದರ ಕ್ರಮ ಇದೆ: ಮೊದಲು ನೀನೂ ಅವನೂ ಇಬ್ಬರೇ, ಕೇಳದಿದ್ದರೆ ಒಬ್ಬರೋ ಇಬ್ಬರೋ ಸಾಕ್ಷಿಗಳು, ಕೊನೆಗೆ ಸಭೆ. ಅಣ್ಣತಮ್ಮಂದಿರ ಪಾಲಿನ ತಕರಾರಿನಲ್ಲಿ ನಾವು ಇದನ್ನು ತಿರುಗುಮುರುಗು ಮಾಡಿ, ಊರಿಗೆಲ್ಲ ಹೇಳಿ ಕೊನೆಗೆ ಎದುರು ಕೂರುತ್ತೇವೆ. ಅಷ್ಟರಲ್ಲಿ ಇಬ್ಬರಿಗೂ ಹಿಂದೆ ಸರಿಯಲು ಜಾಗ ಉಳಿದಿರುವುದಿಲ್ಲ.

ಒಬ್ಬರೇ, ಗುಂಪಿನಲ್ಲಿ, ಮನೆಯಲ್ಲಿ

ನೋಟ್‌ಪುಸ್ತಕದ ಗುರುತುಗಳಲ್ಲಿ ಆರು ವಾರ "ಇಲ್ಲ" ಎಂಬುದೇ ಹೆಚ್ಚಾಗಿದ್ದರೆ ಕ್ರಮ ಬದಲಿಸುವುದಕ್ಕಿಂತ ಜೊತೆ ಹುಡುಕಿ. ದಕ್ಷಿಣ ಆಫ್ರಿಕದ ಲುಮ್ಕೊ ಸಂಸ್ಥೆ ರೂಪಿಸಿದ ಏಳು ಹೆಜ್ಜೆಗಳ ಕ್ರಮ ಕಥೋಲಿಕ ಕಿರು ಸಮುದಾಯಗಳಲ್ಲಿ ಬಳಕೆಯಲ್ಲಿದೆ, ಯಾವ ಸಭೆಯ ಮನೆಕೂಟಕ್ಕಾದರೂ ಆಗುತ್ತದೆ. ಪ್ರಭುವನ್ನು ಆಹ್ವಾನಿಸುವುದು, ಓದುವುದು, ತಾಗಿದ ಪದಗಳನ್ನು ಒಬ್ಬೊಬ್ಬರು ಮೂರು ಸಲ ಹೇಳುವುದು, ಮೌನ, ತಾಗಿದ್ದನ್ನು ಹಂಚಿಕೊಳ್ಳುವುದು, ಏನು ಮಾಡಬೇಕೆಂದು ಗೊತ್ತುಪಡಿಸುವುದು, ಪ್ರಾರ್ಥನೆ. ಎಂಟು ಹತ್ತು ಮಂದಿ, ಒಂದು ಗಂಟೆ. ಐದನೆಯದರಲ್ಲಿ ಒಬ್ಬರೇ ಪ್ರಸಂಗ ಮಾಡಲು ಹೊರಟರೆ ಆರನೆಯದಕ್ಕೆ ಹೊತ್ತಿರುವುದಿಲ್ಲ, ಚಹಾ ಬಂದುಬಿಡುತ್ತದೆ. ಆದ್ದರಿಂದ 20 ನಿಮಿಷ ಆರನೆಯದಕ್ಕೇ ಮೀಸಲಿಡಿ. ಹೋದ ವಾರ ಒಪ್ಪಿಕೊಂಡ ಕೆಲಸ ಏನಾಯಿತು ಎಂಬುದರಿಂದಲೇ ಅದು ಶುರುವಾಗಲಿ.

ಭಾಷಾಂತರದ ವಿಷಯ ಚಿಕ್ಕದು. ಸತ್ಯವೇದದ ಹಳೆಯ ಅನುವಾದ ಬಾಯಿಪಾಠಕ್ಕೆ ಒಳ್ಳೆಯದು, ಹಿರಿಯರ ಕಿವಿಗೆ ಒಗ್ಗಿದ್ದು. ಪತ್ರಿಕೆಗಳನ್ನು ಕೆದಕಿ ಓದುವಾಗ ಸರಳ ಕನ್ನಡದ ಇನ್ನೊಂದು ಅನುವಾದ ಪಕ್ಕದಲ್ಲಿರಲಿ. ಎರಡರಲ್ಲಿ ಮಾತು ಬೇರೆಯಾಗುವ ಕಡೆಯೇ ನಿಂತು ಯೋಚಿಸಬೇಕಾದ ಕಡೆ.

ಮಕ್ಕಳಿರುವ ಮನೆಯ ಕುಟುಂಬ ಪ್ರಾರ್ಥನೆಗೆ ಉದ್ದದ ಪಟ್ಟಿ ಯಾವುದೂ ಬೇಡ. ಸುವಾರ್ತೆಯ ಒಂದು ಪ್ರಸಂಗ, ಹತ್ತು ಹನ್ನೆರಡು ವಚನ, ಓದುವುದು ಮಗುವೇ. ಅರ್ಥ ವಿವರಿಸುವ ಮೊದಲು, ಇದರಲ್ಲಿ ಯಾರ ಜಾಗದಲ್ಲಿ ಇರಲು ನಿನಗೆ ಇಷ್ಟ ಎಂದು ಕೇಳಿ. ಮರ ಹತ್ತಿದವನೋ, ಕೆಳಗೆ ನಿಂತು ಗೊಣಗಿದವರೋ? ಆಮೇಲೆ ಅಪ್ಪ, ಅಮ್ಮ, ಮಗು ಒಬ್ಬೊಬ್ಬರೂ ನಾಳೆ ಯಾರಿಗೆ ಏನು ಎಂದು ಒಂದೊಂದು ಮಾತು ಹೇಳಲಿ. ದೊಡ್ಡವರು ಮೊದಲು ಹೇಳಬೇಕು. ಮರುದಿನ ರಾತ್ರಿ ಕೇಳುವ ಕೆಲಸವನ್ನು ಮಗುವಿಗೇ ಕೊಡಿ.